ಹಿನ್ನೀರಿನ ನಡುವೆ ಮೋಟಾರ್ ನಿಂತರೆ

ಶರಾವತಿ ಹಿನ್ನೀರಿನಲ್ಲಿ ದೋಣಿ ಕೆಡಲು ದೊಡ್ಡ ಕಾರಣ ನೀರಿನ ಅಡಿಯಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಕಣಿವೆ ಮುಳುಗಿದಾಗ ಕಾಡುಮರಗಳ ಬೊಡ್ಡೆಗಳು ನಿಂತಲ್ಲೇ ಉಳಿದವು. ಜಲಾಶಯ ತನ್ನ ಗರಿಷ್ಠ ಮಟ್ಟವಾದ 1,819 ಅಡಿ ಮುಟ್ಟಿದಾಗ ಹೆಚ್ಚಿನವು ಆಳದಲ್ಲಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮೇಲಕ್ಕೆ ಬರುತ್ತವೆ. ಪೂರ್ತಿ ಹೊರಬಂದ ಬೊಡ್ಡೆಯನ್ನು ತಪ್ಪಿಸಬಹುದು. ಗೇಣುದ್ದ ನೀರಿನ ಕೆಳಗಿರುವುದೇ ಪ್ರೊಪೆಲ್ಲರ್ ಮುರಿಯುತ್ತದೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಜನ, ವಾಹನ ದಾಟಿಸುವ ಹಸಿರುಮಕ್ಕಿಯ ಲಾಂಚೇ ನಿಂತುಬಿಟ್ಟದ್ದುಂಟು. ಹಾಗಾಗಿ ಅಕ್ಟೋಬರ್‌ನಲ್ಲಿ ಸಲೀಸಾಗಿ ಹೋದ ದಾರಿಯನ್ನು ಏಪ್ರಿಲ್‌ನಲ್ಲಿ ನಂಬಬೇಡಿ.

ಹೊರಡುವ ಮುನ್ನ ಪೆಟ್ರೋಲನ್ನು ಮೂರು ಪಾಲು ಎಂದು ಲೆಕ್ಕ ಹಾಕಿ. ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟುವಂತಿಲ್ಲ. ಮೊದಲ ಪಾಲು ಎಲ್ಲಿ ಮುಗಿಯಿತೋ ಅಲ್ಲಿಂದಲೇ ವಾಪಸ್, ನೋಡಬೇಕೆಂದಿದ್ದ ದ್ವೀಪ ಕಣ್ಣೆದುರಿಗೇ ಇದ್ದರೂ ಸರಿ. ಎಷ್ಟು ಹೊತ್ತಿಗೆ ಯಾವ ದಡಕ್ಕೆ ಬರುತ್ತೀರಿ, ಬರದಿದ್ದರೆ ಯಾವಾಗ 112ಕ್ಕೆ ಫೋನ್ ಮಾಡಬೇಕು ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಬರೆದುಕೊಡಿ. ಗುಡ್ಡಗಳ ಮರೆಯಲ್ಲಿ ನೆಟ್‌ವರ್ಕ್ ಸಿಗುವ ಭರವಸೆಯಿಲ್ಲ. ದಡದ ಹಲವೆಡೆ ಅಭಯಾರಣ್ಯವಿರುವುದರಿಂದ, ಆಪತ್ತಿಗೆ ಇಳಿಯಬಹುದಾದ ಊರಿನ ಕಡೆಯ ದಡಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ.

ಮೋಟಾರ್ ನಿಂತ ಕೂಡಲೇ ಮೋಟಾರಿಗೆ ಕೈ ಹಾಕಬೇಡಿ. ಮೊದಲು ಲಂಗರು ಇಳಿಸಿ. ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಇರಬೇಕು. ಆರು ಮೀಟರ್ ಆಳಕ್ಕೆ 30ರಿಂದ 42 ಮೀಟರ್. ಕಡಿಮೆಯಾದರೆ ಲಂಗರು ನೆಲ ಕಚ್ಚದೆ ಎಳೆದುಕೊಂಡು ಬರುತ್ತದೆ. ಇಲ್ಲಿ ಅದು ಬೊಡ್ಡೆಗೆ ಸಿಕ್ಕಿಕೊಳ್ಳುವುದೂ ಉಂಟು. ಅದಕ್ಕೆ ಲಂಗರಿನ ಕೊಕ್ಕೆಗಳು ಸೇರುವ ತುದಿಗೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದರ ಕೊನೆಗೆ ಮುಚ್ಚಿದ ಖಾಲಿ ಕ್ಯಾನ್ ತೇಲಿಬಿಡಿ. ಸಿಕ್ಕಿಕೊಂಡಾಗ ಆ ಹಗ್ಗ ಹಿಡಿದು ಹಿಮ್ಮುಖವಾಗಿ ಎಳೆದರೆ ಬಿಡಿಸಿಕೊಳ್ಳುತ್ತದೆ.

ಇನ್ನು ಪರೀಕ್ಷೆ. ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತಿದ್ದರೆ, ಕಳಚಿದೊಡನೆ ಮೋಟಾರ್ ನಿಲ್ಲಿಸುವ ಸುರಕ್ಷಾ ಕ್ಲಿಪ್ ಕಳಚಿದೆಯೇ ನೋಡಿ. ಕೆಮ್ಮಿ ಕೆಮ್ಮಿ ನಿಂತಿದ್ದರೆ ಪೆಟ್ರೋಲಿನ ತಕರಾರು. ಪೈಪಿನ ನಡುವಿನ ರಬ್ಬರ್ ಬಲ್ಬ್ ಒಳಕ್ಕೆ ಚಪ್ಪಟೆಯಾಗಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಮುಚ್ಚಿದೆ ಎಂದರ್ಥ, ತಿರುಗಿಸಿ ಬಿಡಿ. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಕನೆಕ್ಟರ್‌ನಲ್ಲಿ ಗಾಳಿ ಎಳೆಯುತ್ತಿದೆ. ಬಲ್ಬಿನ ಬಾಣ ಮೋಟಾರಿನ ಕಡೆಗಿರಬೇಕು. ಬಾಣ ಮೇಲ್ಮುಖವಾಗುವಂತೆ ಹಿಡಿದು ಒತ್ತಿ. ಸ್ಪಾರ್ಕ್ ಪ್ಲಗ್ ಪೆಟ್ರೋಲಿನಿಂದ ತೊಯ್ದಿದ್ದರೆ ಒರೆಸಿ ಒಣಗಿಸಿ ಹಾಕಿ, ಚೋಕ್ ಮುಚ್ಚದೆ ಸ್ಟಾರ್ಟ್ ಮಾಡಿ.

ಮೋಟಾರ್ ಓಡುತ್ತಿದ್ದರೂ ಅದನ್ನು ತಂಪು ಮಾಡಿ ಪಕ್ಕದಿಂದ ಚಿಮ್ಮುವ ನೀರಿನ ಎಳೆ ನಿಂತಿದ್ದರೆ ತಕ್ಷಣ ಆಫ್ ಮಾಡಿ. ಎಲೆ, ಪ್ಲಾಸ್ಟಿಕ್ ನೀರಿನ ಒಳದಾರಿಗೆ ಕೂತಿರುತ್ತದೆ. ಅದನ್ನು ತೆಗೆದು, ಚಿಮ್ಮುವ ತೂತಿಗೆ ಗಾಳದ ದಾರ ತೂರಿಸಿ ಚೊಕ್ಕ ಮಾಡಿ. ಆಮೇಲೂ ನೀರು ಬಾರದಿದ್ದರೆ ಪಂಪ್ ಹೋಗಿದೆ, ಹುಟ್ಟು ಹಾಕುವುದೊಂದೇ ದಾರಿ.

ಮೋಟಾರ್ ಗುಂಯ್‌ಗುಡುತ್ತಿದೆ, ದೋಣಿ ಕದಲುತ್ತಿಲ್ಲ ಎಂದರೆ ಬೊಡ್ಡೆಯ ಪೆಟ್ಟಿಗೆ, ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಶಿಯರ್ ಪಿನ್ ತುಂಡಾಗಿದೆ. ಸಣ್ಣ ಮೋಟಾರ್‌ಗಳಲ್ಲಿ ಈ ಪಿನ್ ಇರುವುದೇ ಗೇರ್ ಉಳಿಸಲಿಕ್ಕೆ. ಸುರಕ್ಷಾ ಕ್ಲಿಪ್ ಕಳಚಿ, ಪ್ಲಗ್ಗಿನ ವೈರ್ ತೆಗೆದ ಮೇಲೆಯೇ ಮೋಟಾರ್ ಎತ್ತಿ. ಪ್ರೊಪೆಲ್ಲರ್ ಅಡಿಗೆ ಬಕೆಟ್ ಕಟ್ಟಿ, ಕೈಜಾರಿದ ನಟ್ ನೀರಿಗೆ ಬಿದ್ದರೆ ಕಥೆ ಮುಗಿದಂತೆ. ಪಕ್ಕಡ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ. ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ನಿನ ಕಾಲು ನೇರ ಮಾಡಿ ಎಳೆಯಿರಿ, ನಟ್ ಬಿಚ್ಚಿ, ಪ್ರೊಪೆಲ್ಲರ್ ಜಗ್ಗಿ, ಶಾಫ್ಟಿನ ತೂತಿನಲ್ಲಿ ಉಳಿದ ತುಂಡನ್ನು ಹೊಸ ಪಿನ್ನಿನಿಂದಲೇ ತಳ್ಳಿ ಹೊರಹಾಕಿ. ಕಾಟರ್ ಪಿನ್ ಹಳೆಯದನ್ನು ಮತ್ತೆ ಬಳಸಬೇಡಿ. ಬಗ್ಗಿಸಿ ನೆಟ್ಟಗಾಗಿಸಿದ ತಂತಿ ಬೇಗ ಮುರಿಯುತ್ತದೆ. ಶಿಯರ್ ಪಿನ್ ಇಲ್ಲವೆಂದು ಮೊಳೆ ತೂರಿಸುವವರಿದ್ದಾರೆ. ದಯವಿಟ್ಟು ಬೇಡ, ಮುಂದಿನ ಪೆಟ್ಟಿಗೆ ಗೇರೇ ಮುರಿದೀತು. ಅದೇ ಕಂಪನಿಯ, ಅದೇ ಅಳತೆಯ ನಾಲ್ಕು ಶಿಯರ್ ಪಿನ್, ನಾಲ್ಕು ಕಾಟರ್ ಪಿನ್ ಸದಾ ಡಬ್ಬಿಯಲ್ಲಿರಲಿ. ದೊಡ್ಡ ಮೋಟಾರ್‌ಗಳಲ್ಲಿ ಪಿನ್ ಬದಲು ರಬ್ಬರ್ ಬುಶ್ ಇರುತ್ತದೆ. ಅದು ಜಾರುತ್ತಿದ್ದರೆ ನೀರಿನ ಮೇಲೆ ರಿಪೇರಿಯಿಲ್ಲ, ಆದರೆ ವೇಗ ತೀರಾ ಇಳಿಸಿ ಮರಳಬಹುದು.

ರಿಪೇರಿಗೆ ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಆಗದಿದ್ದರೆ ಹುಟ್ಟು ಹಿಡಿದು, ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಕಡೆಯ ಸಮೀಪದ ದಡ ಸೇರಿ. ಎರಡು ಹುಟ್ಟುಗಳ ನಡುವೆ ಟಾರ್ಪಾಲ್ ಎತ್ತಿ ಹಿಡಿದರೆ ಹಾಯಿಯಂತೆ ನೆರವಾಗುತ್ತದೆ. ಗಾಳಿ ಜೋರಾದರೆ ಇಳಿಸಿಬಿಡಿ. ಯಾರೂ ಲೈಫ್ ಜಾಕೆಟ್ ಬಿಚ್ಚಕೂಡದು, ದೋಣಿ ಬಿಟ್ಟು ಈಜಕೂಡದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಏಳುವುದರಿಂದ, ಬೆಳಿಗ್ಗೆಯೇ ತಡವಾಗಿದ್ದರೆ ದೂರದ ಯೋಜನೆ ಬಿಟ್ಟು ಹತ್ತಿರದ ಒಂದು ಸುತ್ತಿಗೆ ತೃಪ್ತರಾಗಿ.

ಬೊಡ್ಡೆಗೆ ಬಡಿದ ಮೋಟಾರನ್ನು ಮನೆಗೆ ತಂದ ಮಾರನೇ ದಿನ ನೆಟ್ಟಗೆ ನಿಲ್ಲಿಸಿ, ಗೇರ್ ಬಾಕ್ಸಿನ ಕೆಳ ತಿರುಪು ಸಡಿಲಿಸಿ ನಾಲ್ಕು ಹನಿ ಎಣ್ಣೆ ಇಳಿಸಿ ನೋಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಹೊಕ್ಕಿದೆ. ಸೀಲ್ ಮತ್ತು ಎಣ್ಣೆ ಬದಲಿಸುವ ತನಕ ಆ ಮೋಟಾರ್ ಹೊಳೆಗೆ ಇಳಿಸಬೇಡಿ.