ಆನೆ ಗ್ರೂಪ್ ನೋಡಿ ಕಲ್ತ ಆನ್‌ಲೈನ್ ಕ್ಲಾಸು

ಹೋದ ತಿಂಗಳು ತಾಲ್ಲೂಕು ಮೀಟಿಂಗಲ್ಲಿ ಒಬ್ರು ಮೇಷ್ಟ್ರು ಪಕ್ಕದಲ್ಲಿ ಬಂದು ಕೂತು "ಸಾರ್, ಆ ಆಡಿಯೋ ಪಾಠ ಹೆಂಗ್ ಮಾಡ್ತೀರ, ಒಂಚೂರು ಹೇಳ್ಕೊಡಿ" ಅಂದ್ರು. 2020ರಲ್ಲಿ ಇದೇ ಪುಣ್ಯಾತ್ಮರು ಇದೇ ಮೀಟಿಂಗ್ ಹಾಲಲ್ಲಿ "ವಾಟ್ಸಾಪಲ್ಲಿ ಲೆಕ್ಕ ಕಲಿಸ್ತಾರಂತೆ, ನಾಳೆ ವಾಟ್ಸಾಪಲ್ಲೇ ಬಿಸಿಯೂಟಾನೂ ಬಡಿಸ್ತಾರೆ" ಅಂತ ಎಲ್ರ ಮುಂದೆ ನಗಾಡಿದ್ದು. ನಂಗೆ ಮರ್ತಿಲ್ಲ. ಆದ್ರೂ ಹೇಳ್ಕೊಟ್ಟೆ, ಪೂರ್ತಿ ಅಲ್ಲ. ಇಲ್ಲೂ ಅಷ್ಟೇ.

ನಮ್ದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ ಹೈಸ್ಕೂಲು. ನಾನು ಗಣಿತ. ಮಕ್ಕಳಲ್ಲಿ ಅರ್ಧಕ್ಕರ್ಧ ಎಸ್ಟೇಟ್ ಲೈನ್ ಮನೆಯವ್ರು, ಅಂದ್ರೆ ತೋಟದ ಕೆಲಸದವ್ರ ಸಾಲು ಮನೆಯವ್ರು. ಮಳೆ ಹಿಡಿದ್ರೆ ಕರೆಂಟು ಮೂರು ದಿನ ಬರಲ್ಲ, ಕರೆಂಟು ಹೋದ ಅರ್ಧ ದಿನಕ್ಕೆ ಟವರೂ ಮಲಗುತ್ತೆ.

ಮೊದ್ಲು ದುಡ್ಡು ಹಾಳು ಮಾಡಿದ ಕಥೆ ಹೇಳ್ತೀನಿ. ಲಾಕ್‌ಡೌನ್ ಆದಾಗ ಎಲ್ರ ಥರ ನಾವೂ ಲೈವ್ ಕ್ಲಾಸ್ ಅಂತ ಹೊರಟ್ವಿ. ರಿಂಗ್ ಲೈಟು ಸ್ಟ್ಯಾಂಡು ಸೇರಿ 1,800, ಬರೆಯೋ ಪ್ಯಾಡು 3,200 ಇರ್ಬೇಕು, ಆಮೇಲೆ ಒಂದು ಕಂಪನಿಯವ್ರು ಬಂದು ಸ್ಕೂಲ್‌ಗೇ ಒಂದು ಆ್ಯಪ್ ಅಂತ ತೋರ್ಸಿ ವರ್ಷಕ್ಕೆ 14,000 ಕಟ್ಟುಸ್ಕೊಂಡ್ರು. ಅದ್ರಲ್ಲಿ 8,000 ಸ್ಕೂಲಿಂದು, ಮಿಕ್ಕಿದ್ದು ನಾನು ಮತ್ತೆ ವಿಜ್ಞಾನದ ಮೇಡಂ ಹಾಕಿದ್ದು. ಆ ಆ್ಯಪು ನಮ್ಮ ಮಕ್ಕಳ ಫೋನಲ್ಲಿ ಓಪನ್ನೇ ಆಗ್ಲಿಲ್ಲ, ಫೋನ್ ಮಾಡಿದ್ರೆ "ಹೊಸ ಹ್ಯಾಂಡ್‌ಸೆಟ್ ಇದ್ಯಾ ಸಾರ್" ಅಂತಾರೆ. ಹೊಸ ಹ್ಯಾಂಡ್‌ಸೆಟ್ ಇದ್ದಿದ್ರೆ ನಿಮ್ಮನ್ನ ಯಾಕಪ್ಪ ಕೇಳ್ತಿದ್ವಿ.

ಆಮೇಲೆ ಗೂಗಲ್ ಮೀಟ್. ಹತ್ತನೇ ಕ್ಲಾಸಲ್ಲಿ 43 ಮಕ್ಕಳು, ಮೊದಲ ದಿನ ಬಂದಿದ್ದು 9. ಇಪ್ಪತ್ತು ನಿಮಿಷ ಆದ್ಮೇಲೆ ನೋಡಿದ್ರೆ 3, ಅದ್ರಲ್ಲಿ ಒಬ್ಬ ನಮ್ಮ ಹೆಡ್‌ಮಾಸ್ಟ್ರು. ಬಂದ ಮಕ್ಕಳು ಎಲ್ಲಿಂದ ಬಂದ್ರು ಅಂದ್ರೆ ಸಿಗ್ನಲ್ ಸಿಗೋ ದಿಣ್ಣೆ ಹತ್ತಿ, ಒಂದು ಕೈಲಿ ಛತ್ರಿ ಇನ್ನೊಂದು ಕೈಲಿ ಫೋನು, ಕಾಲಲ್ಲಿ ಇಂಬಳ, ಅದೇ ಜಿಗಣೆ. ಪಾಠದ ಮಧ್ಯೆ "ಸಾರ್ ಒಂದ್ನಿಮ್ಷ, ಇಂಬಳ ಕಿತ್ತಾಕ್ತೀನಿ" ಅಂತ ಒಬ್ಳು. ಸಂಜೆಗೆ ಇಡೋಣ ಅಂದ್ರೆ ಆನೆ. ಆರು ಗಂಟೆ ಮೇಲೆ ಮಕ್ಕಳನ್ನ ದಿಣ್ಣೆಗೆ ಕಳ್ಸಿ ಅಂತ ಹೇಳೋ ಧೈರ್ಯ ಯಾವ ಮೇಷ್ಟ್ರಿಗಿದೆ ಹೇಳಿ.

ಯೂಟ್ಯೂಬೂ ಮಾಡಿದ್ವಿ. ನಲವತ್ತು ನಿಮಿಷದ ವೀಡಿಯೋ, ಪೆನ್‌ಡ್ರೈವಲ್ಲಿ ಸಕಲೇಶಪುರಕ್ಕೆ ತಗೊಂಡೋಗಿ ಅಪ್‌ಲೋಡ್ ಮಾಡಿ ಬರ್ತಿದ್ದೆ, ಪೆಟ್ರೋಲ್ ಖರ್ಚು ಬೇರೆ. ನೋಡಿದೋರು 11, ಅದ್ರಲ್ಲಿ 4 ಸ್ಟಾಫ್ ರೂಮಿಂದು. 2020ರ ಜುಲೈಯಿಂದ ಚಂದನ ಟೀವೀಲಿ ಸರ್ಕಾರದ ಸಂವೇದ ಪಾಠ ಶುರುವಾಯ್ತು, ಪಾಠ ಚೆನ್ನಾಗೇ ಇತ್ತು, ಆದ್ರೆ ಕರೆಂಟು ಅದ್ರ ಟೈಮ್‌ಟೇಬಲ್ ಓದಿರ್ಲಿಲ್ಲ.

ಈ ಹೊತ್ತಿಗೆ ಸುಮಾರು 22–23 ಸಾವಿರ ನೀರಲ್ಲಿ ಹೋಮ ಆಗಿತ್ತು.

ದಾರಿ ತೋರ್ಸಿದ್ದು ಆನೆ. ನಮ್ಮ ಕಡೆ ಊರೂರಿಗೂ ವಾಟ್ಸಾಪಲ್ಲಿ ಒಂದು ಆನೆ ಗ್ರೂಪ್ ಇರುತ್ತೆ ಗೊತ್ತಲ್ಲ, "ಮೂರು ಆನೆ ಕೆರೆ ಏರಿ ಮೇಲೈತೆ, ಬೈಕಲ್ಲಿ ಬರೋರು ಹುಷಾರು" ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ. ಒಂದಿನ ರಾತ್ರಿ ನಮ್ಮನೇಲಿ ಸಿಗ್ನಲ್ ಒಂದೇ ಕಡ್ಡಿ, ಮೀಟು ಗೀಟು ಏನೂ ಸುತ್ತಲ್ಲ, ಆದ್ರೆ ಆನೆ ಮೆಸೇಜ್ ಟಣ್ ಅಂತ ಬಂತು. ಓದಕ್ಕೆ ಬರ್ದೇ ಇರೋ ಅಜ್ಜಿನೂ ಅದನ್ನ ಕೇಳ್ತಾರೆ, ಸಿಗ್ನಲ್ ಇಲ್ಲದಾಗ ಕಳ್ಸಿದ್ದು ಸಿಗ್ನಲ್ ಸಿಕ್ಕಾಗ ಬಂದು ಬೀಳುತ್ತೆ. ಅರೆ, ಪಾಠಾನೂ ಹಿಂಗೇ ಕಳ್ಸಿದ್ರಾಯ್ತಲ್ಲ ಅನ್ನಿಸ್ತು. ಮಗು ಹತ್ರ ಫೋನ್ ಇರಲ್ಲ, ಅಪ್ಪ ತೋಟದಿಂದ ಬಂದ ಮೇಲೆ ಏಳೂವರೆಯಿಂದ ಒಂಬತ್ತರ ತನಕ ಸಿಗೋದು. ಆ ಒಂದೂವರೆ ಗಂಟೆಗೆ ಪಾಠ ಹೊಂದ್ಕೋಬೇಕು, ಪಾಠಕ್ಕೆ ಮನೆ ಹೊಂದ್ಕೊಳಲ್ಲ.

ಮಾಡಿದ್ದು ಇಷ್ಟೇ. ಆರು ನಿಮಿಷ ಮೀರದ ಆಡಿಯೋ, ಜೊತೆಗೆ ಒಂದೇ ಒಂದು ಫೋಟೋ. ಕಪ್ಪು ಹಲಗೆ ಫೋಟೋ ಬೇಡ, ವಾಟ್ಸಾಪ್ ಅದನ್ನ ಹಿಂಡಿ ಮಸುಕು ಮಾಡುತ್ತೆ, ಬಿಳಿ ಹಾಳೆ ಮೇಲೆ ದಪ್ಪ ಸ್ಕೆಚ್ ಪೆನ್ನು, ನಾಲ್ಕೈದು ಸಾಲು, ಪ್ರತಿ ಸಾಲಿಗೂ ಸುತ್ತು ಹಾಕಿದ ನಂಬರು. ಆಡಿಯೋದಲ್ಲಿ "ಎರಡನೇ ನಂಬರ್ ಮೇಲೆ ಬೆರಳಿಡಿ" ಅಂತಿದ್ದೆ. ಮೊದಲ ವಾರ ಅದೂ ಕೆಟ್ಟೋಯ್ತು, ಬೆರಳಿಟ್ರೆ ಸ್ಕ್ರೀನ್ ದೊಡ್ಡದಾಗಿ ಎಲ್ಲಿಗೋ ಹೋಗ್ತಿತ್ತು, ಕೆಲವರದ್ದು ಆಡಿಯೋನೇ ನಿಂತೋಗ್ತಿತ್ತು. ಆಮೇಲೆ ರೂಲ್ ಮಾಡ್ದೆ, ಮೊದ್ಲು ಫೋಟೋ ನೋಡಿ ನೋಟ್‌ಬುಕ್ಕಿಗೆ ಇಳಿಸ್ಕೊಳಿ, ಆಮೇಲೆ ಆಡಿಯೋ ಹಾಕಿ, ಬೆರಳು ನೋಟ್‌ಬುಕ್ ಮೇಲಿರ್ಲಿ. ಈ ಒಂದು ಬದಲಾವಣೆಗೆ ಅರ್ಧ ಗೆದ್ದಂಗಾಯ್ತು.

ರೆಕಾರ್ಡಿಂಗ್ ದೊಡ್ಡ ತಲೆನೋವು. ನಮ್ಮನೆ ಶೀಟಿನದ್ದು, ಜುಲೈನಲ್ಲಿ ರೆಕಾರ್ಡ್ ಮಾಡಿದ್ರೆ ಪೈಥಾಗೊರಸ್ಸು ಜಲಪಾತದೊಳಗಿಂದ ಮಾತಾಡ್ದಂಗೆ ಕೇಳುತ್ತೆ. 700 ರೂಪಾಯಿ ಕಾಲರ್ ಮೈಕ್ ತಗೊಂಡೆ, ಅದು ಮಳೆನ ಇನ್ನೂ ಚೆನ್ನಾಗಿ ಹಿಡೀತು. ಆಮೇಲೆ ಗೆಳೆಯರೊಬ್ರ ಗೋಡೌನಲ್ಲಿ, ರೇಟ್ ಬರ್ಲಿ ಅಂತ ಇಟ್ಟಿದ್ದ ಕಾಫಿ ಚೆರ್ರಿ ಮೂಟೆ ಮಧ್ಯೆ ಕೂತು ಮಾಡ್ದೆ, ಆಹಾ, ಆಕಾಶವಾಣಿ ಹಾಸನ ಥರ ಕ್ಲಿಯರು. ಆದ್ರೆ ರೇಟ್ ಬಂತು, ಮೂಟೆ ಹೋಯ್ತು, ಸ್ಟುಡಿಯೋನೂ ಹೋಯ್ತು. ಈಗ ಬೀರುವಿನ ಬಾಗಿಲು ತೆಗ್ದು, ಬಟ್ಟೆ ಒಳಗೆ ಮುಖ ಇಟ್ಟು, ಮೇಲೆ ಕಂಬಳಿ ಹೊದ್ಕೊಂಡು ಬೆಳಿಗ್ಗೆ ಐದಕ್ಕೆ ಮಾಡ್ತೀನಿ. ಮನೆಯವ್ರು ಏನಂತಾರೆ ಅಂತ ಕೇಳ್ಬೇಡಿ.

ಕೀಪ್ಯಾಡ್ ಫೋನ್ ಇರೋ ಮನೆ ಹದಿನೆಂಟೋ ಇಪ್ಪತ್ತೋ ಇದ್ವು. ವಾಟ್ಸಾಪ್ ವಾಯ್ಸ್ ಫೈಲನ್ನ ಹಂಗೇ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟೆ, ಆ ಫೋನಲ್ಲಿ ಓಡ್ಲೇ ಇಲ್ಲ, ಎರಡು ವಾರ ವೇಸ್ಟು. ಎಂಪಿ3 ಮಾಡಿ 32 ಕೆಬಿಪಿಎಸ್‌ಗೆ ಇಳ್ಸಿದ್ರೆ ಆರು ನಿಮಿಷಕ್ಕೆ ಒಂದೂವರೆ ಎಂಬಿ ಒಳಗೆ ಬರುತ್ತೆ, ಯಾವ ಡಬ್ಬಾ ಫೋನಲ್ಲೂ ಹಾಡುತ್ತೆ. ಮೊಬೈಲ್ ರಿಪೇರಿ ಅಂಗಡೀಲಿ ಹಳೇ ಮೆಮೊರಿ ಕಾರ್ಡು 22 ತಗೊಂಡೆ, ಒಂದಕ್ಕೆ 90ರ ಲೆಕ್ಕ. ಬೆಂಕಿಪೊಟ್ಟಣದೊಳಗೆ ಕಾರ್ಡು, ಮೇಲೆ ರೋಲ್ ನಂಬರು, ಹಾಲಿನ ಗಾಡಿಯವ್ರ ಕೈಲೋ ತೋಟದ ಲೆಕ್ಕ ಬರೆಯೋ ಎಸ್ಟೇಟ್ ರೈಟರ್ ಕೈಲೋ ಕಳ್ಸೋದು. ಮೇಷ್ಟ್ರೇ ಮಕ್ಕಳಿರೋ ಕಡೆ ಹೋಗಿ ಪಾಠ ಮಾಡೋ ಸರ್ಕಾರದ ವಿದ್ಯಾಗಮ ನಡೀತಿದ್ದಷ್ಟು ದಿನ ವಠಾರದಲ್ಲೇ ಕಾರ್ಡ್ ಬದಲಾಯಿಸ್ತಿದ್ದೆ, ಅಕ್ಟೋಬರಲ್ಲಿ ಅದು ನಿಂತ ಮೇಲೆ ಪೂರ್ತಿ ಹಾಲಿನ ಗಾಡೀನೇ ಗತಿ. ಒಂದು ಪೊಟ್ಟಣನ ಯಾರೋ ಒಲೆ ಹಚ್ಚೋಕೆ ತೆಗೆದು, ಕಾರ್ಡ್ ಒಲೆಗೆ ಬಿತ್ತು. ಮೈಕು, ಕಾರ್ಡು, ಕಾರ್ಡ್ ರೀಡರ್, ಹಾಳೆ, ಸ್ಕೆಚ್ ಪೆನ್ನು ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ. ಮೇಲಿನ 23 ಸಾವಿರದ ಪಕ್ಕ ಇದನ್ನ ಇಟ್ಟು ನೋಡಿ.

ಟೆಸ್ಟ್ ವಿಷಯ. ಗೂಗಲ್ ಫಾರ್ಮಲ್ಲಿ ಇಟ್ಟೆ, ಫಾರ್ಮ್ ತುಂಬಿದ ಅಷ್ಟೂ ಮಕ್ಕಳಿಗೂ 20ಕ್ಕೆ 20! ಒಬ್ಬ ಮಾಡಿ ಸ್ಕ್ರೀನ್‌ಶಾಟ್ ಫಾರ್ವರ್ಡು. ಆಮೇಲೆ ರೋಲ್ ನಂಬರ್ ಲೆಕ್ಕ ಶುರು ಮಾಡ್ದೆ. ಸಮಾಂತರ ಶ್ರೇಢಿ, ಮೊದಲ ಪದ ನಿನ್ನ ರೋಲ್ ನಂಬರು, ಸಾಮಾನ್ಯ ವ್ಯತ್ಯಾಸ 3, ಮೊದಲ 20 ಪದಗಳ ಮೊತ್ತ ಕಂಡುಹಿಡಿ. 43 ಮಕ್ಕಳಿಗೆ 43 ಉತ್ತರ, ನಂಗೆ ತಿದ್ದಕ್ಕೆ ಒಂದೇ ಸೂತ್ರ: ರೋಲ್ ನಂಬರಿಗೆ 20 ಗುಣಿಸಿ 570 ಕೂಡು. 17ರವನಿಗೆ 910 ಬರ್ಬೇಕು. ಅವ್ನು 930 ಬರ್ದಿದ್ದ. "ಏನೋ, 18ರವಳ ಮನೇಲಿ ಕೂತು ಬರ್ದ್ಯಾ" ಅಂತ ಫೋನ್ ಮಾಡಿದ್ರೆ ಆ ಕಡೆ ಅವರಪ್ಪ, ಸ್ಪೀಕರಲ್ಲಿ. ಆಮೇಲೆ ಕಾಪಿ ಕಮ್ಮಿಯಾಯ್ತು.

ಅಪ್ಪಂದಿರು ಫೋನ್ ಕೊಡೋಕೆ ಒಂದು ಉಪಾಯ ಮಾಡಿದ್ದೆ, ಇದನ್ನ ಹೇಳ್ತೀನಿ. ಪ್ರತಿ ಆಡಿಯೋದ ಮೊದಲ ಇಪ್ಪತ್ತು ಸೆಕೆಂಡು ಅವ್ರಿಗೆ. "ಇವತ್ತು ನಮ್ಮ ಸ್ಕೂಲ್ ಹತ್ರ ಎರಡು ಇಂಚು ನಲವತ್ತು ಸೆಂಟ್ ಮಳೆ, ಮೆಣಸಿನ ರೇಟು ಇಷ್ಟು." (ಸೆಂಟ್ ಅಂದ್ರೆ ಇಂಚಿನ ನೂರರಲ್ಲೊಂದು ಪಾಲು.) ಪಾಠ ಹಾಕೋಕೆ ಮುಂಚೆ ಅಪ್ಪಾನೇ ಆನ್ ಮಾಡ್ಕೊಂಡು ಕೂತಿರ್ತಿದ್ರು. ಭಾನುವಾರ ಒಬ್ರು ಫೋನ್ ಮಾಡಿ "ಏನ್ ಸಾ, ಇವತ್ತು ಮಳೆ ಹಾಕ್ಲೇ ಇಲ್ವಲ್ಲ" ಅಂದ್ರು. ಇನ್ನೊಂದು, ಪ್ರತಿ ಪಾಠದಲ್ಲಿ ಬೇಕಂತಾನೇ ಒಂದು ತಪ್ಪು ಬಿಡ್ತೀನಿ, ಹಿಡಿದೋರು ಮಿಸ್ಡ್ ಕಾಲ್ ಕೊಡ್ಬೇಕು. ಎಂಥ ತಪ್ಪು ಬಿಡ್ಬೇಕು, ಎಲ್ಲಿ ಬಿಡ್ಬೇಕು, ಹಿಡಿದೋರಿಗೆ ಏನ್ ಸಿಗುತ್ತೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಬೇರೆ ಸಬ್ಜೆಕ್ಟೋರು ಒಬ್ಬೊಬ್ರೇ ಬಂದ್ರು. ಕನ್ನಡ ಮೇಡಂ ಪದ್ಯ ಹಾಡಿ ಕಳ್ಸಿದ್ದು ನನ್ನ ಪಾಠಕ್ಕಿಂತ ಜಾಸ್ತಿ ಓಡ್ತು, ಸ್ವಲ್ಪ ಹೊಟ್ಟೆ ಉರೀತು ಕೂಡ. ವಿಜ್ಞಾನಕ್ಕೆ ಬರೀ ಆಡಿಯೋ ಸಾಲ್ಲಿಲ್ಲ, ಪ್ರಯೋಗದ್ದು ನಲವತ್ತು ಸೆಕೆಂಡಿನ ಮಾತಿಲ್ಲದ ವೀಡಿಯೋ ಸೇರ್ಸಿದ್ರು. ಹೆಡ್‌ಮಾಸ್ಟ್ರು ಮಾಡಿದ ದೊಡ್ಡ ಉಪಕಾರ ಅಂದ್ರೆ ದಿನಕ್ಕೆ ಎರಡೇ ಪಾಠ, ಮೂರನೇದು ಯಾರೂ ಹಾಕಂಗಿಲ್ಲ ಅಂತ ಗಟ್ಟಿಯಾಗಿ ನಿಂತಿದ್ದು. ಮಧ್ಯೆ ನಾನೊಂದು ತಲೆಹರಟೆ ಮಾಡ್ದೆ, ಡೇರಿ ಹತ್ರ ಇರೋ ಮೈಕಲ್ಲಿ ಸಂಜೆ ಪಾಠ ಹಾಕ್ಸಿದ್ದು. ಎರಡೇ ದಿನ. "ಭಜನೆ ಟೈಮಲ್ಲಿ ತ್ರಿಕೋನಮಿತಿ ಯಾಕ್ ಮೇಷ್ಟ್ರೇ" ಅಂತ ಹಿರಿಯರೊಬ್ರು ವಯರ್ ಕಿತ್ತು ಕೈಗೆ ಕೊಟ್ರು.

2021ರ ರಿಸಲ್ಟ್ ನಾನು ಹೇಳಲ್ಲ, ಆ ವರ್ಷ ಎರಡೇ ದಿನದ ಓಎಂಆರ್ ಪರೀಕ್ಷೆ (ಸರಿ ಉತ್ತರದ ಸುತ್ತು ತುಂಬೋದು), ರಾಜ್ಯದಲ್ಲಿ ಹೆಚ್ಚುಕಮ್ಮಿ ಎಲ್ರೂ ಪಾಸು. ನಂಗೆ ಲೆಕ್ಕಕ್ಕೆ ಬರೋದು 2024ರ ಜುಲೈ. ದೊಡ್ಡತಪ್ಲು ಹತ್ರ ಗುಡ್ಡ ಕುಸಿದು ಹೈವೇ ನಿಂತೋಗಿದ್ದ ಮಳೆ ಅದು, ಡಿಸಿಯವ್ರ ರಜೆ ಆರ್ಡರ್ ಮೇಲೆ ಆರ್ಡರ್. ಸ್ಕೂಲ್ ತೆರೆದಾಗ ಬೇರೆ ಕಡೆ ಶನಿವಾರ ಪೂರ್ತಿ ದಿನ ಕ್ಲಾಸ್ ಇಟ್ಟು ಪಾಠ ಮುಗಿಸೋಕೆ ಒದ್ದಾಡ್ತಿದ್ರು, ನಮ್ಮ ಮಕ್ಕಳು ರಜೇಲೇ ಒಂದೂವರೆ ಅಧ್ಯಾಯ ಮಾಡ್ಕೊಂಡು ನೋಟ್‌ಬುಕ್ ಹಿಡ್ಕೊಂಡು ಬಂದ್ರು. 40ರಲ್ಲಿ 31 ಜನದ್ದು ಪೂರ್ತಿ ಇತ್ತು, ಆರೇಳು ಜನದ್ದು ಅರ್ಧಂಬರ್ಧ, ಇಬ್ಬರದ್ದು ಏನೂ ಇಲ್ಲ. ಆ ಇಬ್ಬರ ಮನೆಗೆ ಹೋಗಿ ನೋಡಿದ್ರೆ ಲೈನ್ ಮನೆ ಬದಲಾಯಿಸಿ ಬೇರೆ ಎಸ್ಟೇಟಿಗೆ ಹೋಗಿದ್ರು, ಅಲ್ಲಿಗೆ ನಮ್ಮ ಹಾಲಿನ ಗಾಡಿ ಹೋಗಲ್ಲ.

22 ಕಾರ್ಡಲ್ಲಿ ಈಗ 13 ಉಳ್ದಿವೆ. ಹೊಸದು ತಗೊಳೋಣ ಅಂದ್ರೆ ಅಂಗಡಿಯವ್ನು 4 ಜಿಬಿದು ಬರೋದೇ ನಿಂತೋಗಿದೆ ಸಾರ್ ಅಂತಾನೆ, ದೊಡ್ಡ ಕಾರ್ಡ್ ಹಾಕಿದ್ರೆ ಹಳೇ ಕೀಪ್ಯಾಡ್ ಫೋನ್ ಕೆಲವು ಓದಲ್ಲ. ಯಾರ ಮನೆ ಡ್ರಾಯರಲ್ಲಾದ್ರೂ ಸುಮ್ನೆ ಬಿದ್ದಿದ್ರೆ ಬಿಸಾಕ್ಬೇಡಿ, ಜೂನ್ ಒಳಗೆ ನಂಗೆ ಒಂದು ಹತ್ತಾದ್ರೂ ಬೇಕು.