ಮೊಣಕೈ ಮಡಿಕೆಯಲ್ಲಿ ರಕ್ತ ತೆಗೆಯುವಾಗ: ನನ್ನ ಅನುಭವ

ರಕ್ತ ಪರೀಕ್ಷೆಗೆ ಬಂದವರು ತೋಳು ಚಾಚಿ ಕುಳಿತು, ‘ನರ ಸಿಗುತ್ತಿಲ್ಲವೇ ಸಿಸ್ಟರ್?’ ಎಂದು ಕೇಳುವುದುಂಟು. ನಾವು ಸೂಜಿ ಚುಚ್ಚುವ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಯನ್ನು ಆಡುಮಾತಿನಲ್ಲಿ ನರವೆಂದೇ ಕರೆಯುತ್ತೇವೆ. ಸ್ಪರ್ಶ, ನೋವುಗಳ ಸಂದೇಶ ಒಯ್ಯುವ ಅಲ್ಲಿನ ನಿಜವಾದ ದೊಡ್ಡ ನರ ಅದಕ್ಕಿಂತ ಆಳದಲ್ಲಿದ್ದು, ಸೂಜಿ ಅದನ್ನು ಮುಟ್ಟಲೇಬಾರದು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ಹಿರಿಯ ಹೆಂಗಸಿನ ತೋಳಿನಲ್ಲಿ ನಡುವಿನ ಅಭಿಧಮನಿ ಕೈಗೆ ಸಿಗದೆ, ಒಳಬದಿಯಲ್ಲಿ, ಅಂದರೆ ಮೈಯ ಕಡೆಗೆ, ಎದ್ದು ಕಂಡ ಬೆಸಿಲಿಕ್ ಅಭಿಧಮನಿಗೆ ಸೂಜಿ ಹಾಕಿದೆ. ಅದು ಪಕ್ಕಕ್ಕೆ ಜಾರಿತು. ಸೂಜಿಯನ್ನು ಹೊರಗೆ ತೆಗೆಯಬೇಕಾಗಿದ್ದ ನಾನು ಇನ್ನಷ್ಟು ಆಳಕ್ಕೆ ತಳ್ಳಿ ಹುಡುಕಿದೆ. ‘ಅಯ್ಯೋ, ಹೆಬ್ಬೆರಳು, ತೋರುಬೆರಳಿಗೆಲ್ಲ ಕರೆಂಟ್ ಹೊಡೆದ ಹಾಗಾಯಿತಮ್ಮಾ’ ಎಂದು ಅವರು ಕೂಗಿದರು. ಕೂಡಲೇ ತೋಳಿಗೆ ಬಿಗಿದಿದ್ದ ಪಟ್ಟಿ ಬಿಚ್ಚಿ, ಸೂಜಿ ತೆಗೆದು, ಹತ್ತಿಯಿಟ್ಟು ಒತ್ತಿ ಹಿಡಿದು, ವೈದ್ಯರನ್ನು ಕರೆದೆ. ಜೋಮು ಸಂಜೆಯೊಳಗೆ ಇಳಿಯಿತು. ಆದರೆ ಆ ಎರಡು ಬೆರಳುಗಳ ಹೆಸರು ಕಿವಿಗೆ ಬಿದ್ದಾಗಲೇ, ತಾಗಿದ್ದು ಆ ಬೆರಳುಗಳಿಗೆ ಹೋಗುವ ಮೀಡಿಯನ್ ನರಕ್ಕೆ ಎಂದು ನನಗೆ ಗೊತ್ತಾಗಿತ್ತು.

ಅಂದು ರಾತ್ರಿ ಪುಸ್ತಕ ತೆರೆದು ನನ್ನ ತೋಳನ್ನೇ ಪರೀಕ್ಷಿಸಿಕೊಂಡೆ. ಅಂಗೈ ಮೇಲ್ಮುಖವಾಗಿರಿಸಿ ಮೇಜನ್ನು ಕೆಳಗಿನಿಂದ ಎತ್ತುವಂತೆ ಬಲ ಹಾಕಿದರೆ ಮಡಿಕೆಯ ನಡುವೆ ಬೈಸೆಪ್ಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಹಗ್ಗದಂತೆ ಬಿಗಿಯುತ್ತದೆ. ತೋಳನ್ನು ಸಡಿಲಿಸಿ ಅದರ ಒಳಪಕ್ಕದಲ್ಲಿ ಬೆರಳಿಟ್ಟರೆ ಹೃದಯದಿಂದ ತೋಳಿಗೆ ರಕ್ತ ತರುವ ಬ್ರೇಕಿಯಲ್ ಅಪಧಮನಿಯ ಮಿಡಿತ ಸಿಗುತ್ತದೆ, ಬಿ.ಪಿ. ನೋಡುವಾಗ ಸ್ಟೆತಸ್ಕೋಪ್ ಇಡುವ ಜಾಗವೇ ಅದು. ಅದಕ್ಕೂ ಒಳಪಕ್ಕದಲ್ಲಿ ಮೀಡಿಯನ್ ನರವಿದೆ. ಹೊರಗಿನಿಂದ ಒಳಕ್ಕೆ ರಜ್ಜು, ಅಪಧಮನಿ, ನರ ಎಂಬ ಈ ಕ್ರಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆನೇ ಹೊರತು ಬೆರಳಿನಿಂದ ಮುಟ್ಟಿ ನೋಡಿರಲಿಲ್ಲ.

ನಡುವಿನ ಮೀಡಿಯನ್ ಕ್ಯುಬಿಟಲ್ ಅಭಿಧಮನಿಯನ್ನು ನಾವು ಮೊದಲು ಹುಡುಕುವುದಕ್ಕೂ ಕಾರಣವಿದೆ. ಬೈಸೆಪ್ಸ್ ರಜ್ಜುವಿನಿಂದ ಒಳಬದಿಗೆ ಹರಡುವ ತೆಳುವಾದ ಗಟ್ಟಿ ಪದರವೊಂದು ಆ ಅಭಿಧಮನಿಗೂ ಕೆಳಗಿನ ಅಪಧಮನಿ, ನರಗಳಿಗೂ ನಡುವೆ ಅಡ್ಡವಾಗಿ ನಿಂತಿದೆ. ಮೈಯಿಂದ ರಕ್ತ ಹರಿಸುವ ಚಿಕಿತ್ಸೆ ರೂಢಿಯಲ್ಲಿದ್ದ ಕಾಲದ ಯೂರೋಪಿನಲ್ಲಿ ಅದಕ್ಕೆ ‘ದೇವರ ಕೃಪೆ’ ಎಂಬರ್ಥದ ಹೆಸರಿತ್ತೆಂಬುದು ನನಗೆ ಬಹಳ ಇಷ್ಟದ ಸಂಗತಿ.

ಈಗ ನಾನು ಪಟ್ಟಿ ಕಟ್ಟುವ ಮೊದಲೇ ಮಿಡಿತ ನೋಡುತ್ತೇನೆ. ಕೆಲವರಲ್ಲಿ ಮುಂಗೈಗೆ ರಕ್ತ ಒಯ್ಯುವ ಅಲ್ನಾರ್ ಅಪಧಮನಿಯೇ ಚರ್ಮದ ಅಡಿಯಲ್ಲಿ, ಅಭಿಧಮನಿಯ ಹಾಗೆ ಹರಿಯುತ್ತದೆ. ಮೊಣಕೈಯಿಂದ ನಾಲ್ಕು ಬೆರಳು ಮೇಲೆ ಪಟ್ಟಿ ಕಟ್ಟಿ, ಒಂದು ನಿಮಿಷ ಮೀರದಂತೆ ನೋಡಿಕೊಂಡು, ಸೂಜಿಯನ್ನು ಚರ್ಮಕ್ಕೆ 30 ಡಿಗ್ರಿ ಮೀರದ ಕೋನದಲ್ಲಿ ಓರೆಯಾಗಿ ಹಾಕುತ್ತೇನೆ. ನಡುವೆ ಸಿಗದಿದ್ದರೆ ಹೊರಬದಿಯ ಸೆಫಾಲಿಕ್ ಅಭಿಧಮನಿ, ಅದೂ ಇಲ್ಲವಾದರೆ ಇನ್ನೊಂದು ತೋಳು. ಬೆಸಿಲಿಕ್ ಕೊನೆಯದು. ಚುಚ್ಚುವ ಮುನ್ನ ಪ್ರತಿಯೊಬ್ಬರಿಗೂ, ‘ಬೆರಳಿಗೆ ಜುಮ್ಮೆಂದರೆ ತಡೆದುಕೊಳ್ಳಬೇಡಿ, ತಕ್ಷಣ ಹೇಳಿ’ ಎನ್ನುತ್ತೇನೆ.