ಥಾರ್‌ಗೆ ಎರಡನೆಯ ಬ್ಯಾಟರಿ, ಮಾಡಿನ ಮೇಲೊಂದು ಸೋಲಾರ್ ಪ್ಯಾನೆಲ್: ನನ್ನ ಅನುಭವ

ಪಾಂಡವಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಾನು ಪಶುವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ಮಳೆ ಹಿಡಿದ ಮೇಲೆ ನಾಲೆ ಏರಿಯ ಕೆಸರಿನಲ್ಲಿಯೂ ಮೇಲುಕೋಟೆ ಕಡೆಯ ಕೊರಕಲು ದಾರಿಗಳಲ್ಲಿಯೂ ಸಾಮಾನ್ಯ ಕಾರು ಹೋಗಲಾರದಾದ್ದರಿಂದ 2014ರ ಡೀಸೆಲ್ ಮಹೀಂದ್ರಾ ಥಾರ್ ಜೀಪೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಹಿಂದಿನ ಮಾಲೀಕರು ಅದಕ್ಕೆ ಗಟ್ಟಿ ಹಾರ್ಡ್ ಟಾಪ್ ಹಾಕಿಸಿದ್ದರು. ಹಿಂಬದಿಯಲ್ಲಿ ನಾನು 35 ಲೀಟರಿನ, 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಇಟ್ಟುಕೊಂಡಿದ್ದೇನೆ. ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿಯ ಒಳಗೆ ಕಾಯಬೇಕು. ಅದು ಬಿಸಿಯಾಗಲೂಬಾರದು, ಹೆಪ್ಪುಗಟ್ಟಲೂಬಾರದು.

ಎಲ್ಲವೂ ಶುರುವಾದದ್ದು ಕಬ್ಬು ಕಡಿಯುವ ಕಾಲದ ಒಂದು ರಾತ್ರಿ. ಹಳ್ಳಿಯೊಂದರಲ್ಲಿ ಹಸುವಿನ ಕಷ್ಟದ ಹೆರಿಗೆ ಮುಗಿಯುವ ಹೊತ್ತಿಗೆ ಬೆಳಗಿನ ಜಾವವಾಗಿತ್ತು. ಅಷ್ಟೂ ಹೊತ್ತು ಗಾಡಿಯ ಬ್ಯಾಟರಿಯಿಂದಲೇ ಫ್ರಿಜ್ಜೂ ಕೆಲಸದ ದೀಪವೂ ನಡೆದಿದ್ದವು. ಸೆಲ್ಫ್ ಹೊಡೆದರೆ ಟಿಕ್ ಟಿಕ್ ಎಂದಿತೇ ಹೊರತು ಇಂಜಿನ್ ತಿರುಗಲಿಲ್ಲ. ಆ ದಾರಿಯಲ್ಲಿ ಬಂದ ಕಬ್ಬಿನ ಲಾರಿಯನ್ನು ನಿಲ್ಲಿಸಿ, ಅದರ ಬ್ಯಾಟರಿಗೆ ಜಂಪರ್ ಕೇಬಲ್ ಹಾಕಲು ಹೋದಾಗ ಚಾಲಕ ನನ್ನ ಕೈ ಹಿಡಿದು, "ಡಾಕ್ಟ್ರೇ, ಇದು ಇಪ್ಪತ್ನಾಕು ವೋಲ್ಟು, ನಿಮ್ ಗಾಡಿ ವೈರಿಂಗೆಲ್ಲ ಸುಟ್ಟೋಯ್ತದೆ" ಎಂದ. ಲಾರಿಯಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ಅವುಗಳಲ್ಲಿ ಲಾರಿಯ ಲೋಹದ ಮೈಗೆ ಅರ್ತ್ ಆದ ಒಂದರ ಎರಡು ತುದಿಗಳಿಗೆ ಮಾತ್ರ ಅವನು ಕೇಬಲ್ ಹಾಕಿಕೊಟ್ಟು ನನ್ನನ್ನು ಕಳಿಸಿದ.

ಎರಡನೆಯ ಬ್ಯಾಟರಿ ಬೇಕೆಂಬುದು ಅಂದೇ ನಿಶ್ಚಯವಾದರೂ, ಎಷ್ಟು ದೊಡ್ಡದು ಬೇಕೆಂದು ತಿಳಿಯಲು ಮೊದಲು ಒಂದು ವಾರ ಬರೀ ಅಳತೆ ಮಾಡಿದೆ. ನಡೆಯುವಾಗ ಫ್ರಿಜ್ ಸುಮಾರು 4 ಆಂಪಿಯರ್ ಎಳೆಯುತ್ತದೆ, ಆದರೆ ಅದು ಸದಾ ನಡೆಯುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ 24 ಗಂಟೆಗೆ ಅದು ತಿಂದದ್ದು 26 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ). ದೀಪ, ಮೊಬೈಲ್ ಚಾರ್ಜಿಂಗ್ ಸೇರಿ ಒಟ್ಟು 35. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಕರಗುತ್ತದೆ. ಆದ್ದರಿಂದ 75 ಆಂಪಿಯರ್-ಅವರ್‌ನ ಸೀಲ್ ಮಾಡಿದ, ಆಮ್ಲ ತುಳುಕದ ಏಜಿಎಂ ಬಗೆಯ ಸೀಸ-ಆಮ್ಲ ಬ್ಯಾಟರಿಯನ್ನು ಆರಿಸಿದೆ. ಮನೆಯ ಯುಪಿಎಸ್‌ಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಅಗ್ಗವಾದರೂ, ಗಾಡಿ ಒಂದು ಬದಿಗೆ ವಾಲಿದಾಗಲೆಲ್ಲ ಆಮ್ಲ ತುಳುಕುವ ವಸ್ತುವನ್ನು ಸೀಟಿನ ಹಿಂದೆ ಇಟ್ಟುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಲಿಥಿಯಂ ಹಗುರ, ನಿಜ. ಆದರೆ ತುಂಬಿದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನಿದ್ದಾಗಲೂ 13.3 ವೋಲ್ಟ್ ತೋರಿಸುವುದರಿಂದ ಇಂಜಿನ್ ಓಡುವಾಗ ಎರಡು ಬ್ಯಾಟರಿಗಳನ್ನು ಸೇರಿಸಿ, ನಿಂತಾಗ ಬಿಡಿಸುವ ಸಾಧಾರಣ ವೋಲ್ಟೇಜ್ ರಿಲೇ (ತಾನೇ ನಡೆಯುವ ಸ್ವಿಚ್) ಅದರ ಜೊತೆ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಅಲ್ಲದೆ ಅದು ಎಳೆಯುವ ಕರೆಂಟಿಗೆ, ಇಂಜಿನ್ ಓಡುವಾಗ ವಿದ್ಯುತ್ ಕೊಡುವ ಆಲ್ಟರ್ನೇಟರ್ ಬಿಸಿಯಾಗುತ್ತದೆ. ಅದಕ್ಕೆ ಕರೆಂಟನ್ನು ಮಿತಿಯಲ್ಲಿಟ್ಟು ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತಿತ್ತು, ಖರ್ಚು ಅಲ್ಲಿಗೆ ನನ್ನ ಕೈ ಮೀರುತ್ತಿತ್ತು.

ನನ್ನ ಥಾರ್‌ನ ಆಲ್ಟರ್ನೇಟರ್ ಓಡುವಾಗಲೆಲ್ಲ ಸ್ಥಿರವಾಗಿ 14.2 ವೋಲ್ಟ್ ಕೊಡುತ್ತದೆ. ಹಾಗಾಗಿ ರಿಲೇ ಸಾಕಾಯಿತು. ಬಿಎಸ್-6 ಹೊಗೆ ನಿಯಮದ ಈಚಿನ ಗಾಡಿಗಳಲ್ಲಿ ಹಲವು ಡೀಸೆಲ್ ಉಳಿಸಲು ಕಂಪ್ಯೂಟರಿನ ಮೂಲಕ ಆಲ್ಟರ್ನೇಟರ್ ವೋಲ್ಟೇಜನ್ನು ಏರಿಸಿ ಇಳಿಸುತ್ತವೆ. ಅಂಥ ಗಾಡಿಯವರು ನನ್ನ ದಾರಿ ಹಿಡಿಯುವ ಮೊದಲು, ಓಡುವಾಗ ಮಲ್ಟಿಮೀಟರ್ ಏನು ತೋರಿಸುತ್ತದೆಂದು ಅರ್ಧ ಗಂಟೆ ನೋಡುವುದೊಳ್ಳೆಯದು.

ಚಾಲಕನ ಸೀಟಿನ ಹಿಂದೆ, ಆಂಗಲ್ ಕಬ್ಬಿಣದ ತಟ್ಟೆಯೊಂದನ್ನು ನೆಲಕ್ಕೆ ನಾಲ್ಕು ಬೋಲ್ಟ್‌ಗಳಿಂದ ಬಿಗಿಸಿ, ಕೆಳಗಡೆಯಿಂದ ಅಗಲ ವಾಷರ್ ಪಟ್ಟಿ ಕೊಟ್ಟು, ಬ್ಯಾಟರಿಯನ್ನು ಅದರಲ್ಲಿ ಕೂರಿಸಿದೆ. ಗಾಡಿ ಮಗುಚಿದರೆ ಸುಮಾರು 25 ಕಿಲೋ ತೂಕ ನೇರ ತಲೆಗೇ ಬರುತ್ತದೆಂಬ ಎಚ್ಚರ ಈ ಕೆಲಸದಲ್ಲಿ ಬಹಳ ಮುಖ್ಯ. ಇಂಜಿನ್ ಕೋಣೆಯಲ್ಲಿ ಜಾಗ ಮಾಡಬಹುದಿತ್ತು. ಆದರೆ ಅಲ್ಲಿನ ಕಾವಿಗೆ ಸೀಲ್ ಆದ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ.

ವೈರಿನಲ್ಲಿ ನಾನು ಎಡವಿದೆ. ಮನೆ ವೈರಿಂಗ್ ಲೆಕ್ಕದಲ್ಲಿ 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಧಾರಾಳವೆಂದು ತಿಳಿದು ಮುಂದಿನಿಂದ ಹಿಂದಕ್ಕೆ ಅದನ್ನೇ ಎಳೆದೆ. ಇಂಜಿನ್ ಓಡುತ್ತಿದ್ದಾಗ ಮುಂದಿನ ಬ್ಯಾಟರಿಯಲ್ಲಿ 14.2 ಇದ್ದರೆ ಹಿಂದಿನದರಲ್ಲಿ 13.4 ಮಾತ್ರ ಇತ್ತು. ಲೆಕ್ಕ ಆಮೇಲೆ ಹಾಕಿದೆ: ಹೋಗುವುದು 4 ಮೀಟರ್, ಬರುವುದು 4 ಮೀಟರ್, ಆ ವೈರಿನಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 230 ವೋಲ್ಟ್‌ನಲ್ಲಿ ಇದು ಲೆಕ್ಕಕ್ಕಿಲ್ಲದ ನಷ್ಟ, 12 ವೋಲ್ಟ್‌ನಲ್ಲಿ ಅದೇ ಸರ್ವಸ್ವ. ಅದನ್ನೆಲ್ಲ ಕಿತ್ತು 16 ಸ್ಕ್ವೇರ್ ಎಂಎಂನ, ಬಾಗುವ ಎಳೆಗಳ ಕೇಬಲ್ ಹಾಕಿದಾಗ ನಷ್ಟ 0.35 ವೋಲ್ಟ್‌ಗೆ ಇಳಿಯಿತು. ಕೇಬಲ್ ತುದಿಯ ಲೋಹದ ಲಗ್‌ಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ ಹೈಡ್ರಾಲಿಕ್ ಕ್ರಿಂಪಿಂಗ್ ಇರುವ ಅಂಗಡಿಯಲ್ಲಿ ಒತ್ತಿಸಿಕೊಂಡು ಬಂದೆ. ಅರ್ತ್ ಬಿಂದುವಿನಲ್ಲಿ ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿದೆ. ಅಲ್ಲಿಯವರೆಗೆ ರಿಲೇ ಸುಮ್ಮಸುಮ್ಮನೆ ಟಕಟಕ ಎಂದು ಸೇರಿ ಬಿಡಿಸಿಕೊಳ್ಳುತ್ತಿತ್ತು.

ಫ್ಯೂಸನ್ನು ಎರಡೂ ತುದಿಗಳಲ್ಲಿ ಹಾಕಿದ್ದೇನೆ, ತಲಾ 60 ಆಂಪಿಯರ್, ಆಯಾ ಬ್ಯಾಟರಿಯ ಪಾಸಿಟಿವ್‌ನಿಂದ ಗೇಣಿನೊಳಗೆ. ಒಂದೇ ಸಾಲದೇ ಎಂದು ನನ್ನ ಮೆಕ್ಯಾನಿಕ್ ಕೇಳಿದರು. ಸಾಮಾನ್ಯ ವೈರಿಗೆ ಒಂದು ಕಡೆಯಿಂದ ಮಾತ್ರ ಕರೆಂಟ್ ಬರುತ್ತದೆ. ಈ ಕೇಬಲ್ಲಿನ ಎರಡೂ ಕಡೆ ಬ್ಯಾಟರಿ ಇರುವುದರಿಂದ, ಮಧ್ಯದಲ್ಲಿ ಎಲ್ಲಿಯಾದರೂ ಅದು ತಗಡಿಗೆ ತಾಗಿ ಉಜ್ಜಿ ಹೋದರೆ ಮುಂದಿನ ಫ್ಯೂಸ್ ಸುಟ್ಟರೂ ಹಿಂದಿನ ಬ್ಯಾಟರಿ ಬೆಂಕಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ತಗಡನ್ನು ದಾಟುವಲ್ಲೆಲ್ಲ ರಬ್ಬರ್ ಬುಷ್ ಇಟ್ಟು, ಉಳಿದ ಉದ್ದಕ್ಕೂ ಫ್ಲೆಕ್ಸಿಬಲ್ ಪೈಪ್ ತೊಡಿಸಿದೆ.

ರಿಲೇ 13.3 ವೋಲ್ಟ್‌ಗೆ ಎರಡೂ ಬ್ಯಾಟರಿಗಳನ್ನು ಸೇರಿಸಿ, 12.8ಕ್ಕೆ ಬಿಡಿಸುತ್ತದೆ. ಎರಡೂ ಕಡೆಯ ವೋಲ್ಟೇಜನ್ನು ನೋಡುವ ಬಗೆಯದನ್ನು ತಂದದ್ದರಿಂದ, ಬಿಸಿಲಿನಲ್ಲಿ ಹಿಂದಿನದು ತುಂಬಿದ ಮೇಲೆ ಮುಂದಿನದಕ್ಕೂ ಪಾಲು ಸಿಗುತ್ತದೆ. ಇದರಲ್ಲೊಂದು ತೊಡಕಿದೆಯೆಂದು ಏಪ್ರಿಲ್‌ನ ಒಂದು ಮಧ್ಯಾಹ್ನ ತಿಳಿಯಿತು. ಸೆಲ್ಫ್ ಹೊಡೆದೊಡನೆ ಇಂಜಿನ್ ಶುರುವಾಯಿತು, ಆದರೆ ಒಂದು ಫ್ಯೂಸ್ ಹೋಯಿತು. ಬಿಸಿಲಿಗೆ ರಿಲೇ ಮೊದಲೇ ಸೇರಿಕೊಂಡಿತ್ತು. ಅದು ಬಿಡಿಸಿಕೊಳ್ಳುವಷ್ಟರಲ್ಲಿ ಸ್ಟಾರ್ಟರ್ ಮೋಟಾರಿನ ಇನ್ನೂರಕ್ಕೂ ಮಿಕ್ಕ ಆಂಪಿಯರ್‌ನಲ್ಲಿ ಒಂದು ಭಾಗ ನನ್ನ ಕೇಬಲ್ಲಿನ ಮೂಲಕ ಹಿಂದಿನ ಬ್ಯಾಟರಿಯಿಂದ ಬಂದಿತ್ತು. ಸೆಲ್ಫ್ ಹೊಡೆಯುವಾಗ ಬೇರ್ಪಡಿಸಲೆಂದೇ ರಿಲೇಯಲ್ಲಿ ಇದ್ದ ಸಣ್ಣ ವೈರನ್ನು ನಾನು ಅನಗತ್ಯವೆಂದು ಟೇಪ್ ಸುತ್ತಿ ಬಿಟ್ಟಿದ್ದೆ. ಅದನ್ನು ಸ್ಟಾರ್ಟರ್ ಸೊಲಿನಾಯ್ಡಿನ (ಸ್ಟಾರ್ಟರ್ ಮೋಟಾರನ್ನು ಚಾಲೂ ಮಾಡುವ ಸ್ವಿಚ್ಚಿನ) ಸಿಗ್ನಲ್ ವೈರಿಗೆ ಜೋಡಿಸಿದ ಮೇಲೆ ಫ್ಯೂಸ್ ಮತ್ತೆ ಹೋಗಿಲ್ಲ.

ಇಷ್ಟಾದ ಮೇಲೂ ಸೋಲಾರ್ ಏಕೆ ಬೇಕಾಯಿತೆಂದರೆ, ನನ್ನ ಓಡಾಟ ತುಂಡುತುಂಡು. ಹಳ್ಳಿಯಿಂದ ಹಳ್ಳಿಗೆ ಕಾಲು ಗಂಟೆ ಓಡಿಸಿ, ಒಂದು ಗಂಟೆ ನಿಲ್ಲಿಸುತ್ತೇನೆ. ಸೀಸ-ಆಮ್ಲದ ಬ್ಯಾಟರಿ ಶೇಕಡ 80ರವರೆಗೆ ಆಲ್ಟರ್ನೇಟರಿನಿಂದ ಬೇಗ ಏರುತ್ತದೆ. ಕೊನೆಯ 20 ಮಾತ್ರ ಎಷ್ಟು ಒತ್ತಿದರೂ ನಿಧಾನವಾಗಿಯೇ, ಗಂಟೆಗಟ್ಟಲೆ ಕುಡಿಯುತ್ತದೆ, ಮತ್ತು ಆ ಕೊನೆಯ ಭಾಗ ತುಂಬದೆ ದಿನಗಟ್ಟಲೆ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಲ್ಟರ್ನೇಟರಿಗೆ ಆಗದ ಈ ನಿಧಾನದ ಕೆಲಸವನ್ನು, ನಿಂತ ಗಾಡಿಯ ಮೇಲೆ ಇಡೀ ಹಗಲು ಕೂರುವ 100 ವ್ಯಾಟ್ ಪ್ಯಾನೆಲ್ ಮಾಡುತ್ತದೆ.

ಪ್ಯಾನೆಲ್ಲನ್ನು ಕ್ಯಾರಿಯರ್ ಮೇಲೆ ಅಲ್ಯುಮಿನಿಯಂ ಆಂಗಲ್‌ಗಳಿಗೆ ಬಿಗಿದು, ಕೆಳಗೆ ಎರಡು ಬೆರಳಿನಷ್ಟು ಗಾಳಿಯ ಸಂದು ಬಿಟ್ಟಿದ್ದೇನೆ; ಕಾದಷ್ಟೂ ಅದರ ಉತ್ಪತ್ತಿ ಕುಗ್ಗುತ್ತದೆ, 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.4ರಂತೆ. ಅದನ್ನು ಓರೆ ಮಾಡುವ ಗೋಜಿಗೆ ಹೋಗಲಿಲ್ಲ. ನಾವಿರುವುದು ಸುಮಾರು 12.5 ಡಿಗ್ರಿ ಅಕ್ಷಾಂಶದಲ್ಲಿ, ಏಪ್ರಿಲ್‌ನಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ ಸೂರ್ಯ ನೆತ್ತಿಗೇ ಬರುತ್ತಾನೆ. ಮಲಗಿಸಿಟ್ಟರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಕಂಟ್ರೋಲರ್ ವಿಷಯದಲ್ಲಿ ಮೋಸ ಹೋದೆ. ಮೊದಲು ತಂದ ಡಬ್ಬಿಯ ಮೇಲೆ ಎಂಪಿಪಿಟಿ (ಪ್ಯಾನೆಲ್ ಗರಿಷ್ಠ ಶಕ್ತಿ ಕೊಡುವ ವೋಲ್ಟೇಜಿನಲ್ಲೇ ಅದನ್ನು ನಡೆಸುವ ಬಗೆ) ಎಂದು ದೊಡ್ಡದಾಗಿ ಅಚ್ಚಾಗಿತ್ತು. ಬ್ಯಾಟರಿ ಅರ್ಧ ಖಾಲಿಯಿರುವಾಗ ನಡುಮಧ್ಯಾಹ್ನ ಪ್ಯಾನೆಲ್ಲಿನ ತುದಿಯಲ್ಲಿ ಅಳೆದರೆ 13.1 ವೋಲ್ಟ್. ನಿಜವಾದ ಎಂಪಿಪಿಟಿ ಆಗಿದ್ದರೆ ಅಲ್ಲಿ 17-18 ವೋಲ್ಟ್ ಇರಬೇಕಿತ್ತು. ಪ್ಯಾನೆಲ್ಲನ್ನು ಬ್ಯಾಟರಿಯ ಮಟ್ಟಕ್ಕೇ ಎಳೆದು ಕೂರಿಸುವುದು ಪಿಡಬ್ಲ್ಯೂಎಂ ಎಂಬ ಸರಳ ಬಗೆಯ ಕಂಟ್ರೋಲರಿನ ಲಕ್ಷಣ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಬೇರೊಂದನ್ನು ಕೊಂಡೆ. ಯಾವುದನ್ನೇ ಹಾಕಿದರೂ ಮೊದಲು ಬ್ಯಾಟರಿಯನ್ನು, ಆಮೇಲೆ ಪ್ಯಾನೆಲ್ಲನ್ನು ಜೋಡಿಸಬೇಕು, ಬಿಚ್ಚುವಾಗ ಅದಕ್ಕೆ ವಿರುದ್ಧ ಕ್ರಮ.

ಶುಭ್ರ ಬಿಸಿಲಿನ ದಿನ ಈಗ 27 ಆಂಪಿಯರ್-ಅವರ್ ಸಿಗುತ್ತದೆ. ಕಬ್ಬಿನ ಗಾಡಿಗಳ ದಾರಿಯ ಧೂಳು ಕೂತಾಗ 4.1 ಇದ್ದ ಕರೆಂಟ್, ಒದ್ದೆ ಬಟ್ಟೆಯಿಂದ ಒರೆಸಿದೊಡನೆ 4.9 ಆದದ್ದನ್ನು ನೋಡಿದ್ದೇನೆ. ನೆರಳಿನದು ಬೇರೆಯೇ ಕಥೆ. ಹುಣಸೆ ಮರದ ಒಂದು ಕೊಂಬೆಯ ನೆರಳು ಮೂಲೆಗೆ ಬಿದ್ದರೂ, ಸಾಲಾಗಿ ಜೋಡಿಸಿದ ಸೆಲ್‌ಗಳಾದ್ದರಿಂದ ಅರ್ಧದಷ್ಟು ಉತ್ಪತ್ತಿ ನಿಂತುಹೋಗುತ್ತದೆ. ಹೋದಲ್ಲೆಲ್ಲ "ಬಿಸ್ಲಲ್ಯಾಕ್ ನಿಲ್ಸಿದ್ದೀರಿ, ಮರದಡಿ ನಿಲ್ಸಿ ಡಾಕ್ಟ್ರೇ" ಎನ್ನುವವರಿಗೆ ಇದನ್ನು ವಿವರಿಸುವುದು ಕಷ್ಟ. ಅವರ ಮಾತಿನಲ್ಲಿಯೂ ಅರ್ಥವಿದೆ, ಬಿಸಿಲಿನಲ್ಲಿ ನಿಂತ ಗಾಡಿಯ ಒಳಗೆ ಫ್ರಿಜ್ ಹೆಚ್ಚು ಹೊತ್ತು ನಡೆಯುತ್ತದೆ. ಕಿಟಕಿಗಳನ್ನು ಎರಡು ಬೆರಳು ಇಳಿಸಿ, ಫ್ರಿಜ್ ಮೇಲೆ ದಪ್ಪ ಹೊದಿಕೆ ಹಾಕಿ, ಅದರ ಗಾಳಿಕಂಡಿಗಳನ್ನಷ್ಟೇ ತೆರೆದಿಡುತ್ತೇನೆ.

ಜುಲೈನಲ್ಲಿ ಮೋಡ ಕವಿದ ದಿನಗಳಲ್ಲಿ ಪ್ಯಾನೆಲ್ ಕೊಡುವುದು 10 ಆಂಪಿಯರ್-ಅವರ್ ಅಷ್ಟೇ. ಅದಕ್ಕಾಗಿ ಹಿಂಬದಿ ಬಂಪರಿನ ಬಳಿ ಮುಚ್ಚಳವಿರುವ ಸಾಕೆಟ್ ಒಂದನ್ನು ಕೂರಿಸಿದ್ದೇನೆ. ಆ ತಿಂಗಳು ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮನೆಯ ಚಾರ್ಜರನ್ನು ಅದಕ್ಕೆ ಸಿಕ್ಕಿಸಿ ಮಲಗುತ್ತೇನೆ.